ಸೆರೆಯಾದವರ ಹೆಸರು ಯಾವ ನುಡಿಯಲ್ಲಿ?

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗಾಗಿ ಹೊರಡುವ ಈ ವಾರ್ತಾಪತ್ರದಲ್ಲಿ ಪೊಲೀಸ್ ಠಾಣೆಯ ಫಲಕ, ಬಂಧನದ ಕಾಗದ, ಕಾರಾಗೃಹದ ದಾಖಲೆ ಪುಸ್ತಕ ಇವುಗಳನ್ನು ಕುರಿತು ಬರೆಯುವುದು ಕೆಲವರಿಗೆ ವಿಷಯಾಂತರವೆನಿಸಬಹುದು. ಛಂದಸ್ಸಿಗೂ ಹಳಗನ್ನಡಕ್ಕೂ ಮೀಸಲಾದ ಪುಟದಲ್ಲಿ ಸೆರೆಮನೆಗೇನು ಕೆಲಸ ಎಂದು ಕೇಳುವವರಿದ್ದಾರೆ. ನನ್ನ ಉತ್ತರವಿಷ್ಟೆ. ಸಾಮಾನ್ಯ ಮನುಷ್ಯನೊಬ್ಬ ತನ್ನ ಬಾಳಿನಲ್ಲಿ ಎದುರಿಸುವ ಬರಹಗಳಲ್ಲಿ ಅತ್ಯಂತ ಗಂಡಾಂತರದ ಬರಹ ಯಾವುದೆಂದರೆ, ಅವನ ಕೈಯನ್ನು ಸರಕಾರ ಹಿಡಿದಾಗ ಹುಟ್ಟುವ ಬರಹ. ಅದು ಅವನಿಗೆ ಓದಲು ಬಾರದ ನುಡಿಯಲ್ಲಿದ್ದರೆ ಅದು ಭಾಷೆಯ ಪ್ರಶ್ನೆಯೇ. ಭಾಷೆಯ ಪ್ರಶ್ನೆಯನ್ನು ಭಾಷಾ ವಿಭಾಗ ಚರ್ಚಿಸದೆ ಮತ್ತಾರು ಚರ್ಚಿಸಬೇಕು?

ಮೊದಲು ನಮ್ಮ ನೆಲದ ಸ್ಥಿತಿಯನ್ನು ನೆನಪಿಗೆ ತಂದುಕೊಳ್ಳೋಣ. ನಿಮ್ಮಲ್ಲಿ ಹಲವರು ಡಿ. ಹಿರೇಹಾಳ್, ರಾಯದುರ್ಗ, ಮಡಕಶಿರಾ ಕಡೆಯಿಂದ ಬರುವವರು. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಆ ದಿನ ಆಂಧ್ರ ರಾಜ್ಯ ಹುಟ್ಟಿತು. ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಅದರ ಪಾಲಾದವು. ಬಳ್ಳಾರಿಯ ಉಳಿದ ತಾಲ್ಲೂಕುಗಳು ಮೈಸೂರನ್ನು ಸೇರಿದವು. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಡಿ. ಹಿರೇಹಾಳ್ ಅನಂತಪುರದಲ್ಲಿಯೇ ಉಳಿಯಿತು. ಡಿ. ಹಿರೇಹಾಳಿನ ಜನರಿಗೆ ಸಂತೆ, ಆಸ್ಪತ್ರೆ, ಕಾಲೇಜು, ಕೂಲಿ ಎಲ್ಲಕ್ಕೂ ಬಳ್ಳಾರಿ ಹತ್ತಿರ. ಆದರೆ ಅವರ ಠಾಣೆ ಆಂಧ್ರದ್ದು, ಜಿಲ್ಲಾ ಕೇಂದ್ರ ಅನಂತಪುರ, ಉಚ್ಚ ನ್ಯಾಯಾಲಯ ಅಮರಾವತಿಯಲ್ಲಿ. ಅದೇ ಮನೆಯ ಹುಡುಗ ಬಳ್ಳಾರಿಯಲ್ಲಿ ಬಂಧಿತನಾದರೆ ಅವನ ಮೇಲ್ಮನವಿ ಧಾರವಾಡ ಪೀಠಕ್ಕೆ. ಇಬ್ಬರು ಅಣ್ಣತಮ್ಮಂದಿರು ಎರಡು ರಾಜ್ಯಗಳ ಕಾಗದದಲ್ಲಿ ಎರಡು ನುಡಿಗಳಲ್ಲಿ ಆರೋಪಿಗಳಾಗಬಹುದಾದ ನೆಲ ನಮ್ಮದು.

ದೊಡ್ಡವರ ಬಂಧನಕ್ಕೆ ಹುಡುಕಾಟ ಬೇಕಿಲ್ಲ. ಇದೇ ಡಿ. ಹಿರೇಹಾಳ್ ಮಂಡಲದ ಓಬಳಾಪುರಂ ಗಣಿಗಳ ಪ್ರಕರಣದಲ್ಲಿ 2011ರ ಸೆಪ್ಟೆಂಬರ್ 5ರಂದು ಸಿಬಿಐ ಬಳ್ಳಾರಿಯಲ್ಲಿ ಬಂಧನ ನಡೆಸಿದಾಗ, ಬಂಧಿತರನ್ನು ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ ಹೈದರಾಬಾದಿಗೆ ಒಯ್ದರು, ಚಂಚಲಗುಡ ಕಾರಾಗೃಹದಲ್ಲಿ ಏನು ಉಂಡರು ಎಂಬುದೆಲ್ಲ ಎರಡೂ ರಾಜ್ಯಗಳಿಗೆ ಗೊತ್ತಾಯಿತು. ರಾಜ್ಯದ ಗಡಿಗುರುತನ್ನೇ ಅಳಿಸಿದ ಆರೋಪವಿದ್ದ ಪ್ರಕರಣವದು. ಗಡಿಯ ಈಚೆಗೂ ಆಚೆಗೂ ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಆದರೆ ಅದೇ ಮಂಡಲದ ಕೂಲಿಕಾರನ ಮಗನನ್ನು ಒಂದು ರಾತ್ರಿ ಯಾವುದೋ ಜಗಳದ ದೂರಿನ ಮೇಲೆ ಕರೆದೊಯ್ದರೆ ಅವನು ಎಲ್ಲಿದ್ದಾನೆಂದು ತಿಳಿಯಲು ಅವನ ತಾಯಿ ಎಷ್ಟು ಬಾಗಿಲು ಬಡಿಯಬೇಕು? ಬಾಗಿಲು ತೆರೆದವರು ಕೊಟ್ಟ ಕಾಗದವನ್ನು ಓದಿಸಲು ಇನ್ನೆಷ್ಟು ಬಾಗಿಲು?

ಕಾನೂನು ಈ ತಾಯಿಯನ್ನು ಮರೆತಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ನಮ್ಮ ಪದವಿ ತರಗತಿಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸಂವಿಧಾನದ 22ನೆಯ ವಿಧಿ ಎರಡು ಮಾತು ಹೇಳುತ್ತದೆ: ಬಂಧಿತನಿಗೆ ಬಂಧನದ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬರೆದ ಒಂದು ಪತ್ರವೇ ಅರ್ಜಿಯಾಗಿ, 1996ರ ಡಿಸೆಂಬರ್ 18ರಂದು ತೀರ್ಪಾಯಿತು. ಬಂಧನದ ಜ್ಞಾಪನವೊಂದನ್ನು ಸ್ಥಳದಲ್ಲಿಯೇ ಬರೆಯಬೇಕು, ಮನೆಯವರು ಇಲ್ಲವೆ ಊರಿನ ಗೌರವಸ್ಥರೊಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು, ಬಂಧನದ ಸಂಗತಿಯನ್ನು 12 ಗಂಟೆಯೊಳಗೆ ಜಿಲ್ಲೆಯ ನಿಯಂತ್ರಣ ಕೊಠಡಿಗೆ ತಿಳಿಸಿ ಅಲ್ಲಿ ಎದ್ದುಕಾಣುವ ಫಲಕದ ಮೇಲೆ ಬರೆಯಬೇಕು ಎಂದು ನ್ಯಾಯಾಲಯ ವಿಧಿಸಿತು. ಮುಂದೆ ಈ ಫಲಕ ಶಾಸನದೊಳಗೇ ಬಂದಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿದ 41ಸಿ ಕಲಮು, ಬಂಧಿತರ ಹೆಸರು ವಿಳಾಸಗಳ ಜೊತೆಗೆ ಬಂಧಿಸಿದ ಪೊಲೀಸ್ ಅಧಿಕಾರಿಯ ಹೆಸರು ಹುದ್ದೆಗಳನ್ನೂ ಫಲಕದ ಮೇಲೆ ಹಾಕಬೇಕೆಂದಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮು ಫಲಕವನ್ನು ಜಿಲ್ಲಾ ಕೇಂದ್ರದಿಂದ ಪ್ರತಿಯೊಂದು ಠಾಣೆಗೂ ತಂದಿದೆ. ಸಹಾಯಕ ಸಬ್‌ಇನ್‌ಸ್ಪೆಕ್ಟರಿಗಿಂತ ಕೆಳಗಲ್ಲದ ಒಬ್ಬ ಅಧಿಕಾರಿಯನ್ನು ಅದಕ್ಕೆ ಹೊಣೆ ಮಾಡಿದೆ. ಡಿಜಿಟಲ್ ರೂಪವೂ ಆಗಬಹುದೆಂದಿದೆ. ಇದು ಒಳ್ಳೆಯದೇ. ಆದರೆ ಬಂಧಿಸಿದ ಅಧಿಕಾರಿಯ ಹೆಸರು ಈಗಿನ ಕಲಮಿನಿಂದ ಮೆಲ್ಲನೆ ಜಾರಿಹೋಗಿದೆ. ಹಿಡಿಯಲ್ಪಟ್ಟವನ ಹೆಸರು ಊರಿಗೆಲ್ಲ ಕಾಣಬೇಕು, ಹಿಡಿದವನ ಹೆಸರು ಕಾಣಬೇಕಾಗಿಲ್ಲ ಎಂಬ ವ್ಯಾಕರಣ ನನಗೆ ಹಿಡಿಸುವುದಿಲ್ಲ. ಕರ್ಮಣಿ ಪ್ರಯೋಗದಲ್ಲಿ ಕರ್ತೃಪದ ಲೋಪವಾದರೆ ವಾಕ್ಯ ನಡೆಯುತ್ತದೆ, ನ್ಯಾಯ ನಡೆಯುವುದಿಲ್ಲ.

ಈ ಕಲಮು ಇನ್ನೂ ಎರಡು ಸಂಗತಿಗಳನ್ನು ಹೇಳದೆ ಬಿಟ್ಟಿದೆ. ಫಲಕ ಯಾವ ನುಡಿಯಲ್ಲಿರಬೇಕು? ಒಮ್ಮೆ ಏರಿದ ಹೆಸರು ಯಾವಾಗ ಇಳಿಯಬೇಕು? ನನ್ನ ಈ ಬರಹದ ಕಾಳಜಿಯೆಲ್ಲ ಈ ಎರಡು ಮೌನಗಳ ಸುತ್ತಲೇ ಇದೆ.

ಎರಡನೆಯ ದಾಖಲೆ ಪ್ರಥಮ ವರ್ತಮಾನ ವರದಿ, ಎಲ್ಲರ ಬಾಯಲ್ಲಿ ಎಫ್‌ಐಆರ್. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವರದಿ ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಆದೇಶಿಸಿತು. ಸಂಪರ್ಕ ಕಷ್ಟವಿರುವಲ್ಲಿ 48, ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ಅಪರಾಧ, ಭಯೋತ್ಪಾದನೆ ಮೊದಲಾದ ಸೂಕ್ಷ್ಮ ಪ್ರಕರಣಗಳು ಇದರಿಂದ ಹೊರತು. ಆಂಧ್ರದಲ್ಲಿಯೂ ಕರ್ನಾಟಕದಲ್ಲಿಯೂ ಪೊಲೀಸ್ ಇಲಾಖೆಯ ತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ ಆಯ್ದು ವರದಿಯನ್ನು ಪಡೆಯಬಹುದು. ಆ ಸಂಖ್ಯೆ ಕೈಗೆ ಬಂದರೆ ಇ-ಕೋರ್ಟ್ಸ್ ತಾಣದಲ್ಲಿ ಪ್ರಕರಣ ಯಾವ ನ್ಯಾಯಾಲಯದಲ್ಲಿದೆ, ಮುಂದಿನ ದಿನಾಂಕ ಯಾವುದು ಎಂಬುದು ತಿಳಿಯುತ್ತದೆ. ಕಾರಾಗೃಹ ಸೇರಿದ ಮೇಲೆ ಭೇಟಿಯ ಅನುಮತಿಗೆ ಇ-ಮುಲಾಕಾತ್ ಎಂಬ ವ್ಯವಸ್ಥೆಯಿದೆ. ಯಾವುದೂ ಸಿಗದಿದ್ದರೆ ಮಾಹಿತಿ ಹಕ್ಕು ಕಾಯಿದೆ. ಅದರ 30 ದಿನಗಳ ಗಡುವು ಎಲ್ಲರಿಗೂ ಗೊತ್ತು, ಆದರೆ ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಯೊಳಗೆ ಕೊಡಬೇಕೆಂದು ಅದೇ ಕಾಯಿದೆಯ 7ನೆಯ ಕಲಮು ಹೇಳುವುದು ಬಹಳ ಮಂದಿಗೆ ಗೊತ್ತಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಕೂಡಬೇಕಾಗಿಲ್ಲ. ಬಂಧನದಲ್ಲಿರುವವನಿಗೆ ಅವನ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಅವನ ಹಕ್ಕು. 15100 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರ ಸಿಗುತ್ತದೆ.

ಹಾಗಾದರೆ ದಾಖಲೆಗೆ ಕೊರತೆಯಿಲ್ಲ. ಕೊರತೆಯಿರುವುದು ಓದಿಗೆ.

ಆಂಧ್ರದ ಆಡಳಿತ ಭಾಷೆ 1966ರ ಕಾಯಿದೆಯಿಂದ ತೆಲುಗು. ಠಾಣೆಯ ದೂರು, ಮಹಜರು, ರಿಮಾಂಡು ವರದಿಗಳಲ್ಲಿ ತೆಲುಗು ಇರುವುದು ಸಹಜ, ನ್ಯಾಯವೂ ಹೌದು. ಕನ್ನಡ ಲಿಪಿಗೂ ತೆಲುಗು ಲಿಪಿಗೂ ಇರುವ ಬಳಕೆಯನ್ನು ನೀವು ಬಲ್ಲಿರಿ. ಕನ್ನಡ ಬಲ್ಲವನು ತೆಲುಗಿನ ಸಾಲನ್ನು ಅಕ್ಷರ ಕೂಡಿಸಿ ಓದಿಬಿಡುತ್ತಾನೆ. ಅಪಾಯವಿರುವುದು ಅಲ್ಲಿಯೇ. ಅಕ್ಷರ ತಿಳಿದವನಿಗೆ ಅರ್ಥವೂ ತಿಳಿಯಿತೆಂಬ ಭ್ರಮೆ ಹುಟ್ಟುತ್ತದೆ. ತೆಲುಗಿನಲ್ಲಿ ‘ನೇರಂ’ ಎಂದರೆ ಅಪರಾಧ; ನಮಗೆ ‘ನೇರ’ ಎಂದರೆ ಸರಳ, ಸೆಟೆದದ್ದು, ವಕ್ರವಲ್ಲದ್ದು. ‘ನೇರಂ ಒಪ್ಪುಕೊನ್ನಾಡು’ ಎಂಬ ವಾಕ್ಯವನ್ನು ಕನ್ನಡದ ತಂದೆಯೊಬ್ಬ ಹೇಗೆ ಓದಿಕೊಂಡಾನು? ಮಗ ನೇರವಾಗಿ ಏನನ್ನೋ ಒಪ್ಪಿಕೊಂಡ ಎಂದಲ್ಲವೆ? ‘ನಿಂದಿತುಡು’ ಎಂದರೆ ಅವರಲ್ಲಿ ಆರೋಪಿ; ನಮ್ಮಲ್ಲಿ ನಿಂದಿತನೆಂದರೆ ಬೈಸಿಕೊಂಡವನು. ‘ವಿಚಾರಂ’ ಅವರಲ್ಲಿ ದುಃಖ, ನಮ್ಮಲ್ಲಿ ಆಲೋಚನೆ. ಇನ್ನು ‘ಮುದ್ದಾಯಿ’. ಅರಬ್ಬಿಯಲ್ಲಿ ಈ ಮಾತಿಗೆ ದಾವೆ ಹೂಡುವವನು ಎಂದರ್ಥ. ಇಂದಿನ ತೆಲುಗಿನಲ್ಲಿ ಅದು ಆರೋಪಿ. ವಾದಿಯು ಪ್ರತಿವಾದಿಯಾಗಿ ತಲೆಕೆಳಗಾದ ಪದವಿದು. ಅರ್ಥಪಲ್ಲಟವೆಂಬ ಪಾಠವನ್ನು ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಐದು ಅಂಕಕ್ಕೆ ಬರೆಯುವ ನೀವು, ಅದೇ ಪಲ್ಲಟ ಠಾಣೆಯ ಕಾಗದದಲ್ಲಿ ಒಬ್ಬನ ತಿಂಗಳುಗಳನ್ನು ನುಂಗಬಲ್ಲುದೆಂಬುದನ್ನೂ ತಿಳಿದಿರಬೇಕು.

ಸೆರೆ ಎಂಬ ಮಾತಾದರೋ ಎಲ್ಲರದೂ. ಹಳಗನ್ನಡದಲ್ಲಿ ಅದು ಶಕಟರೇಫದ ‘ಸೆಱೆ’. ತೆಲುಗಿನಲ್ಲಿ ‘ಚೆಱ’, ತಮಿಳಿನಲ್ಲಿ ‘ಶಿಱೈ’. ನಮ್ಮ ಸೆರೆಮನೆ ಅವರ ‘ಚೆರಸಾಲ’. ದ್ರಾವಿಡ ನುಡಿಗಳು ಬೇರೆಯಾಗುವ ಮೊದಲೇ ಮನುಷ್ಯನನ್ನು ಮನುಷ್ಯ ಕಟ್ಟಿಹಾಕುವುದನ್ನು ಕಲಿತಿದ್ದನೆಂದು ಕಾಣುತ್ತದೆ. ‘ದಸ್ತಗಿರಿ’ ಪಾರಸಿಯದು: ‘ದಸ್ತ್’ ಎಂದರೆ ಕೈ, ‘ಗೀರ್’ ಎಂದರೆ ಹಿಡಿ. ನಮ್ಮ ಬಳ್ಳಾರಿ ಅನಂತಪುರಗಳಲ್ಲಿ ದಸ್ತಗೀರ್ ಎಂಬ ಹೆಸರಿನವರು ಊರೂರಿನಲ್ಲಿ ಇದ್ದಾರೆ. ಅಲ್ಲಿ ಅದು ಸೂಫಿ ಸಂತರೊಬ್ಬರ ಬಿರುದು, ಕಷ್ಟದಲ್ಲಿರುವವನ ಕೈಹಿಡಿದು ಮೇಲೆತ್ತುವವನು ಎಂದರ್ಥ. ಒಂದೇ ಪದ ಠಾಣೆಯಲ್ಲಿ ಬಂಧನ, ದರ್ಗಾದಲ್ಲಿ ಅಭಯ. ಇದು ಪ್ರಾಸಂಗಿಕವಾಗಿ ಬಂದ ಮಾತು, ಆದರೂ ಹೇಳದಿರಲಾಗಲಿಲ್ಲ.

ನನ್ನ ಓದು ಪ್ರಾಥಮಿಕ ಹಂತದಲ್ಲಿ ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಆಯಿತು. ಹೀಗಾಗಿ ಇದೇ ಗೊಂದಲದ ಇನ್ನೊಂದು ಮುಖವನ್ನು ನಾನು ಬಾಲ್ಯದಿಂದಲೂ ಬಲ್ಲೆ. ಮರಾಠಿಯಲ್ಲಿ ಬಂಧನಕ್ಕೆ ‘ಅಟಕ್’, ಜೈಲಿಗೆ ‘ತುರುಂಗ’. ಪೋರ್ಚುಗೀಸರಿಂದ ಬಂದ ಈ ಎರಡನೆಯ ಮಾತು ಉತ್ತರ ಕರ್ನಾಟಕದ ಆಡುಮಾತಿನಲ್ಲಿ ತುರಂಗವೂ ಆಗಿದೆ. ಕಾವ್ಯ ಓದುವ ಹುಡುಗನಿಗೆ ತುರಂಗ ಕುದುರೆ, ಅವನ ಅಜ್ಜನಿಗೆ ಸೆರೆಮನೆ. ಎಫ್‌ಐಆರನ್ನು ಮರಾಠಿಯಲ್ಲಿ ‘ಪ್ರಥಮ ಮಾಹಿತಿ ಅಹವಾಲ್’ ಎನ್ನುತ್ತಾರೆ. ಅವರಿಗೆ ಅಹವಾಲೆಂದರೆ ವರದಿ, ನಮಗೆ ಅಹವಾಲೆಂದರೆ ದುಃಖವನ್ನು ತೋಡಿಕೊಳ್ಳುವ ಬಿನ್ನಹ. ಬೆಳಗಾವಿ ಖಾನಾಪುರಗಳ ಮರಾಠಿ ಮಾತಿನ ರೈತನಿಗೆ ಕರ್ನಾಟಕದ ಠಾಣೆಯ ಕನ್ನಡ ಕಾಗದ ಎಷ್ಟು ದೂರದ್ದೋ, ಡಿ. ಹಿರೇಹಾಳಿನ ಕನ್ನಡ ರೈತನಿಗೆ ತೆಲುಗು ಕಾಗದವೂ ಅಷ್ಟೇ ದೂರದ್ದು. ಆದ್ದರಿಂದ ನಾನು ಕೇಳುವುದನ್ನು ಒಂದೇ ತಕ್ಕಡಿಯಲ್ಲಿಟ್ಟು ಕೇಳಬೇಕು. ರಾಯದುರ್ಗದ ಕನ್ನಡಿಗನಿಗೆ ಕನ್ನಡದಲ್ಲಿ ಬಂಧನದ ಕಾರಣ ಬೇಕೆಂದು ಕೇಳುವ ಕನ್ನಡ ವಿಭಾಗ, ಬೆಳಗಾವಿಯ ಮರಾಠಿಗನಿಗೆ ಮರಾಠಿಯಲ್ಲಿ, ಬಳ್ಳಾರಿಯ ತೆಲುಗು ಕೂಲಿಗೆ ತೆಲುಗಿನಲ್ಲಿ ಅದು ಬೇಕೆಂದು ಅಷ್ಟೇ ಗಟ್ಟಿಯಾಗಿ ಕೇಳಬೇಕು. ಗಡಿ ಚಳವಳಿಯ ವೇದಿಕೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುವುದಿಲ್ಲ. ಎರಡೂ ಕಡೆಯ ವೇದಿಕೆಗಳನ್ನು ಕಂಡವನಾಗಿ ಹೇಳುತ್ತೇನೆ, ಅಲ್ಲಿ ನುಡಿಯೆಂದರೆ ನಾಮಫಲಕ, ಕೈದಿಯ ಕಿವಿಯಲ್ಲ.

ಈ ವಾದ ನನ್ನ ಸ್ವಂತದ್ದೇನಲ್ಲ. ನ್ಯಾಯಾಲಯ ಇದನ್ನು ಅರವತ್ತು ವರ್ಷಕ್ಕೂ ಹಿಂದೆಯೇ ಒಪ್ಪಿದೆ. 1962ರ ಹರಿಕಿಸನ್ ಪ್ರಕರಣದಲ್ಲಿ ಮಹಾರಾಷ್ಟ್ರ ಸರಕಾರ ಒಬ್ಬನನ್ನು ಮುನ್ನೆಚ್ಚರಿಕೆಯ ಬಂಧನದಲ್ಲಿಟ್ಟು ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿತು. ಆತ ತನಗೆ ಇಂಗ್ಲಿಷ್ ಬಾರದು, ಹಿಂದಿಯಲ್ಲಿ ಕೊಡಿ ಎಂದ. ರಾಜ್ಯದ ಅಧಿಕೃತ ಭಾಷೆ ಇನ್ನೂ ಇಂಗ್ಲಿಷೇ ಆಗಿರುವುದರಿಂದ ಕೊಡಬೇಕಾಗಿಲ್ಲವೆಂದು ಸರಕಾರ ಉತ್ತರಿಸಿತು. ಸರ್ವೋಚ್ಚ ನ್ಯಾಯಾಲಯ ಈ ಉತ್ತರವನ್ನು ತಳ್ಳಿಹಾಕಿ ಅವನನ್ನು ಬಿಡುಗಡೆ ಮಾಡಿತು. ಅಧಿಕೃತ ಭಾಷೆಯ ಪ್ರಶ್ನೆ ಬೇರೆ, ಬಂಧಿತನಿಗೆ ಅರ್ಥವಾಗುವ ಭಾಷೆಯ ಪ್ರಶ್ನೆ ಬೇರೆ ಎಂಬ ಈ ವಿವೇಕ ನಮ್ಮ ಗಡಿನಾಡಿಗೆ ಎಷ್ಟು ಅಗತ್ಯವಾದುದು! 1981ರ ಲಲ್ಲೂಭಾಯಿ ಪಟೇಲ್ ಪ್ರಕರಣದಲ್ಲಿ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಬಂಧಿತನಿಗೆ ಗುಜರಾತಿ ಮಾತ್ರ ಗೊತ್ತು. ಇಂಗ್ಲಿಷ್ ಕಾಗದವನ್ನು ಅಧಿಕಾರಿ ಬಾಯಿಮಾತಿನಲ್ಲಿ ಗುಜರಾತಿಯಲ್ಲಿ ವಿವರಿಸಿದ್ದೇನೆಂದ. ಅದು ಸಾಲದು, ಬರಹದಲ್ಲಿಯೇ ಕೊಡಬೇಕೆಂದಿತು ನ್ಯಾಯಾಲಯ.

ಇವೆರಡೂ ಮುನ್ನೆಚ್ಚರಿಕೆಯ ಬಂಧನದ ಪ್ರಕರಣಗಳು, ಸಾಮಾನ್ಯ ಬಂಧನಕ್ಕೆ ಅನ್ವಯಿಸವು ಎಂದು ಬಹುಕಾಲ ವಾದಿಸಲಾಗುತ್ತಿತ್ತು. ಆ ವಾದಕ್ಕೂ ಈಗ ಜಾಗವಿಲ್ಲ. 2025ರ ಫೆಬ್ರುವರಿ 7ರಂದು ವಿಹಾನ್ ಕುಮಾರ್ ಪ್ರಕರಣದಲ್ಲಿ, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಪರಿಣಾಮಕಾರಿಯಾಗಿ ತಿಳಿಸದಿದ್ದರೆ ಬಂಧನವೇ ಅಸಿಂಧುವೆಂದು ನ್ಯಾಯಾಲಯ ಹೇಳಿತು. ಅದೇ ವರ್ಷದ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪು, ಎಲ್ಲ ಅಪರಾಧಗಳಲ್ಲಿಯೂ ಕಾರಣವನ್ನು ಬರಹದಲ್ಲಿ, ಅವನಿಗೆ ತಿಳಿಯುವ ನುಡಿಯಲ್ಲಿ ಕೊಡಬೇಕು. ಕೂಡಲೇ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯುವುದಕ್ಕೆ ಎರಡು ಗಂಟೆ ಮೊದಲಾದರೂ ಕೊಟ್ಟಿರಬೇಕು ಎಂದಿತು. ಇಷ್ಟು ಸ್ಪಷ್ಟವಾದ ಹಕ್ಕು ಕೈಯಲ್ಲಿದೆ. ಅದನ್ನು ಠಾಣೆಯ ಮೇಜಿನವರೆಗೆ ಒಯ್ಯುವವರು ಬೇಕು.

ಇಲ್ಲಿಂದ ಎರಡನೆಯ ಮೌನಕ್ಕೆ ಬರುತ್ತೇನೆ. ದಾಖಲೆಗಳನ್ನು ಬಹಿರಂಗಪಡಿಸಿದ ಉದ್ದೇಶವೇನು? ಹಿಡಿದವನು ಕಾಣೆಯಾಗಬಾರದು, ಠಾಣೆಯ ಒಳಗಿನ ರಾತ್ರಿಗೆ ಹೊರಗಿನ ಕಣ್ಣೊಂದಿರಬೇಕು ಎಂಬುದಲ್ಲವೆ? ಬಂಧನದ ಫಲಕ ಹುಟ್ಟಿದ್ದು ಬಂಧಿತನ ರಕ್ಷಣೆಗೆ. ಆದರೆ ಕಾಲೇಜುಗಳಿರುವ ಊರಿನಲ್ಲಿ ಅದರ ಬಳಕೆ ತಿರುಗಾಮುರುಗಾ ಆಗುತ್ತಿದೆ. ಯಾರ ಹೆಸರಿದೆ ಎಂದು ಹುಡುಕಿ ತೆಗೆಯುವುದು, ಫೋನಿನಲ್ಲಿ ಚಿತ್ರ ಹಿಡಿದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕುವುದು, ‘ನೋಡ್ರೋ’ ಎಂದು ನಾಲ್ಕು ನಗೆಯ ಚಿಹ್ನೆ ಸೇರಿಸುವುದು. ವಿದ್ಯಾರ್ಥಿನಿಲಯದ ಜಗಳವೊಂದರಲ್ಲಿ ಹೆಸರು ಬಂದ ಹುಡುಗನೊಬ್ಬ ಜಾಮೀನಿನ ಮೇಲೆ ಮರುದಿನವೇ ಹೊರಬಂದರೂ ಪದವಿ ಮುಗಿಸದೆ ಊರು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಪ್ರಕರಣ ಮುಂದೆ ರಾಜಿಯಲ್ಲಿ ಮುಗಿಯಿತು. ರಾಜಿಯಾದದ್ದನ್ನು ಯಾವ ಗುಂಪೂ ಹಂಚಿಕೊಳ್ಳಲಿಲ್ಲ.

ಅಮೆರಿಕದಲ್ಲಿ ಇದು ಎಲ್ಲಿಗೆ ಮುಟ್ಟಿತೆಂಬುದನ್ನು ನೋಡಿದರೆ ನಮಗೆ ಎಚ್ಚರವಾಗಬೇಕು. ಅಲ್ಲಿ ಜಿಲ್ಲೆಯ ಷೆರಿಫ್ ಕಚೇರಿಗಳು ಜೈಲಿಗೆ ತಂದವರ ಹೆಸರು, ವಯಸ್ಸು, ಆರೋಪ, ಎಷ್ಟೋ ಕಡೆ ಮುಖಚಿತ್ರವನ್ನೂ ಪ್ರತಿದಿನ ಪ್ರಕಟಿಸುತ್ತವೆ. 1990ರ ಕ್ಲೆರಿ ಕಾಯಿದೆಯಿಂದಾಗಿ ವಿಶ್ವವಿದ್ಯಾಲಯಗಳು ತಮ್ಮ ಆವರಣದ ಅಪರಾಧಗಳ ಲೆಕ್ಕವನ್ನು ಹೊರಗಿಡಬೇಕಾಯಿತು. ವಿದ್ಯಾರ್ಥಿನಿಯೊಬ್ಬಳ ಕೊಲೆಯ ಬಳಿಕ ಹೆತ್ತವರು ಹೋರಾಡಿ ಪಡೆದ ಕಾನೂನದು, ಅದರ ಸದುದ್ದೇಶವನ್ನು ಯಾರೂ ಶಂಕಿಸಲಾರರು. ಆದರೆ ಮುಖಚಿತ್ರಗಳನ್ನು ಗೋರಿಕೊಂಡು ತಮ್ಮ ತಾಣದಲ್ಲಿ ಹಾಕಿ, ತೆಗೆಯಬೇಕಾದರೆ ಹಣ ಕೊಡಿ ಎನ್ನುವ ವ್ಯಾಪಾರಿಗಳೂ ಅಲ್ಲಿ ಹುಟ್ಟಿಕೊಂಡರು. ಹಲವು ರಾಜ್ಯಗಳು ಆ ವ್ಯಾಪಾರವನ್ನು ತಡೆಯಲು ಬೇರೆ ಕಾನೂನು ಮಾಡಬೇಕಾಯಿತು. ಒಬ್ಬನ ಆರೋಪ ಇನ್ನೊಬ್ಬನ ಸರಕಾಗುವುದೆಂದರೆ ಇದೇ.

ನಮ್ಮಲ್ಲಿ ಬಾಲಕರ ಹೆಸರನ್ನು, ಲೈಂಗಿಕ ದೌರ್ಜನ್ಯಕ್ಕೊಳಗಾದವರ ಹೆಸರನ್ನು ಪ್ರಕಟಿಸುವುದೇ ಅಪರಾಧ. ಗೆಳೆಯರ ಗುಂಪಿಗೆ ಕಳುಹಿಸಿದ್ದು ಪ್ರಕಟಣೆಯಲ್ಲವೆಂದು ಭಾವಿಸಬೇಡಿ. 2017ರ ಆಗಸ್ಟ್ 24ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. ಆದರೂ ಖುಲಾಸೆಯಾದವನ ಹೆಸರು ಹಳೆಯ ಎಫ್‌ಐಆರಿನಲ್ಲಿ ಹುಡುಕಿದವರಿಗೆಲ್ಲ ಸಿಗುತ್ತಲೇ ಇರುತ್ತದೆ. 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಎಂದರೆ ನಾಲ್ವರಲ್ಲಿ ಮೂವರಿಗೆ ಶಿಕ್ಷೆಯಾಗಿರಲಿಲ್ಲ. ಕನ್ನಡದಲ್ಲಿ ಆರೋಪಿ, ಅಪರಾಧಿ, ಕೈದಿ ಎಂಬ ಮೂರು ಮಾತುಗಳು ಬೇರೆ ಬೇರೆಯಾಗಿಯೇ ಇವೆ. ಪತ್ರಿಕೆಯವರೂ ನಾವೂ ಅವನ್ನು ಒಂದರ ಬದಲು ಒಂದು ಬಳಸುತ್ತೇವೆ. ‘ಖದೀಮರ ಬಂಧನ’ ಎಂಬ ತಲೆಬರಹವನ್ನು ನೀವು ವಾರಕ್ಕೊಮ್ಮೆಯಾದರೂ ಓದುತ್ತೀರಿ. ಬಂಧನದ ದಿನವೇ ಖದೀಮರೆಂದು ತೀರ್ಮಾನಿಸಿದವರಾರು? ‘ಖದೀಮ’ ಎಂಬುದಕ್ಕಿರುವ ಲಘುತ್ವ, ಅದರೊಳಗಿನ ಕುಚೋದ್ಯ, ಬಡವನ ಮನೆಯ ಮೇಲೆ ಹೇಗೆ ಬೀಳುತ್ತದೆಂಬುದನ್ನು ಶೈಲಿಶಾಸ್ತ್ರ ಓದುವವರು ಯೋಚಿಸಬೇಕು.

ಎಲ್ಲವನ್ನೂ ಮುಚ್ಚಿಬಿಡಬೇಕೆಂದು ನಾನು ಹೇಳುತ್ತಿಲ್ಲ. ಮುಚ್ಚಿದ ಠಾಣೆ ತೆರೆದ ಠಾಣೆಗಿಂತ ಸಾವಿರ ಪಾಲು ಭಯಂಕರ. ಫಲಕ ಇರಲಿ, ಆದರೆ ಗಡಿಯ ಠಾಣೆಗಳಲ್ಲಿ ಅದು ಎರಡು ನುಡಿಗಳಲ್ಲಿರಲಿ, ಹಿಡಿದ ಅಧಿಕಾರಿಯ ಹೆಸರೂ ಇರಲಿ, ಜಾಮೀನಾದ ದಿನ, ಖುಲಾಸೆಯಾದ ದಿನ ಅದೇ ಸಾಲಿನಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲ್ಪಡಲಿ. ಜಾಲತಾಣದಲ್ಲಿ ಖುಲಾಸೆಯಾದವರ ಹೆಸರು ಹುಡುಕಾಟಕ್ಕೆ ಸಿಗದಂತಾಗಲಿ. ಭಾಷಾ ಅಲ್ಪಸಂಖ್ಯಾತರ ಮಟ್ಟಿಗೆ ಸಂವಿಧಾನದ 350ನೆಯ ವಿಧಿ ಒಂದು ಬಾಗಿಲು ತೆರೆದಿಟ್ಟಿದೆ: ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಡಿ. ಹಿರೇಹಾಳಿನ ತಾಯಿ ಆಂಧ್ರದ ಅಧಿಕಾರಿಗೆ ಕನ್ನಡದಲ್ಲಿ ಅರ್ಜಿ ಬರೆದರೆ ಅದನ್ನು ಹಿಂದಿರುಗಿಸುವಂತಿಲ್ಲ. ಆ ಅರ್ಜಿಯನ್ನು ಬರೆದುಕೊಡುವವರು ಯಾರು ಎಂಬುದಷ್ಟೇ ಉಳಿದ ಪ್ರಶ್ನೆ.

ನೀವೇ ಬರೆದುಕೊಡಬೇಕೆಂಬುದು ನನ್ನ ಅಭಿಪ್ರಾಯ. ಐಚ್ಛಿಕ ಕನ್ನಡ ಓದಿದವನಿಗೆ ಕೆಲಸವೆಲ್ಲಿ ಎಂದು ಪ್ರತಿವರ್ಷ ಹೆತ್ತವರು ಕೇಳುತ್ತಾರೆ. ನ್ಯಾಯಾಲಯಗಳಿಗೆ ಭಾಷಾಂತರಕಾರರು ಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದರೆ ಅದನ್ನು ತೆರೆದ ನ್ಯಾಯಾಲಯದಲ್ಲಿ ಅವನ ಭಾಷೆಗೆ ತಿಳಿಸಬೇಕೆಂದು ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಹಲ್ಮಿಡಿಯ ಲಿಪಿಯನ್ನು ಬಿಡಿಸಿ ಓದಬಲ್ಲವನಿಗೆ ತೆಲುಗಿನ ಲಿಪಿ ವಾರದ ಅಭ್ಯಾಸ. ಅದರ ಕಚೇರಿ ಪದಗಳನ್ನು ಕಲಿಯಲು ಒಂದು ಸೆಮಿಸ್ಟರ್ ಸಾಕು. ನಮ್ಮ ಭಾಷಾಂತರದ ಪತ್ರಿಕೆಯಲ್ಲಿ ಇಂಗ್ಲಿಷಿನ ಸಣ್ಣಕತೆಯೊಂದನ್ನು ಅನುವಾದಿಸಿ ಮುಗಿಸುವ ಪದ್ಧತಿಯಿದೆ. ಅದರ ಜೊತೆಗೆ ಹೆಸರು ವಿಳಾಸಗಳನ್ನು ಅಳಿಸಿದ ಒಂದು ಬಂಧನ ಜ್ಞಾಪನ, ಒಂದು ರಿಮಾಂಡು ವರದಿ, ಒಂದು ಜಾಮೀನು ಆದೇಶ ಇವುಗಳನ್ನು ತೆಲುಗಿನಿಂದ ಕನ್ನಡಕ್ಕೆ ತರುವ ಅಭ್ಯಾಸವನ್ನು ಸೇರಿಸಬೇಕೆಂದು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ. ಪಠ್ಯಕ್ರಮಕ್ಕೆ ಹೊರತೆಂದು ಆಕ್ಷೇಪಣೆ ಬಂದಿದೆ. ಪಠ್ಯಕ್ರಮಕ್ಕೆ ಹೊರತಾದುದನ್ನು ಮಾಡಲು ಶನಿವಾರದ ಮಧ್ಯಾಹ್ನಗಳಿವೆ.

ಅದಕ್ಕೆ ಮೊದಲು ಒಂದು ಪದಪಟ್ಟಿ ಬೇಕು. ಠಾಣೆ, ಕೋರ್ಟು, ಜೈಲುಗಳಿಗೆ ಸಂಬಂಧಿಸಿದ ಮಾತುಗಳನ್ನು ಕನ್ನಡ, ತೆಲುಗು, ಮರಾಠಿ ಮೂರರಲ್ಲೂ ಪಕ್ಕಪಕ್ಕಕ್ಕಿಟ್ಟು, ಎಲ್ಲಿ ಒಂದೇ ಪದಕ್ಕೆ ಬೇರೆ ಅರ್ಥವಿದೆಯೋ ಅಲ್ಲಿ ಕೆಂಪು ಗುರುತು ಹಾಕಿದ ಪಟ್ಟಿ. ಇಲ್ಲಿಯವರೆಗೆ ನನ್ನ ಬಳಿ ಸುಮಾರು ನೂರು ಪದಗಳಾಗಿವೆ. ಪುಸ್ತಕದ ತೆಲುಗು ನನಗೆ ಗೊತ್ತು. ರಾಯದುರ್ಗದ ಕಟ್ಟೆಯ ತೆಲುಗು, ಮಡಕಶಿರಾದ ಮನೆಗಳಲ್ಲಿ ಕನ್ನಡದೊಡನೆ ಬೆರೆತ ತೆಲುಗು ನಿಮಗೆ ಗೊತ್ತು. ಊರಿಗೆ ಹೋದಾಗ ಹಿರಿಯರನ್ನು ಕೇಳಿ, ಅವರು ಪೊಲೀಸರ ಬಾಯಲ್ಲಿ ಕೇಳಿದ, ಅಮೀನರ ಬಾಯಲ್ಲಿ ಕೇಳಿದ ಮಾತುಗಳನ್ನು ಅವರು ಉಚ್ಚರಿಸಿದಂತೆಯೇ ಬರೆದು ತನ್ನಿ. ಯಾರ ಪ್ರಕರಣ, ಯಾರ ಹೆಸರು ಎಂಬುದು ಬೇಡ, ಪದವೊಂದೇ ಸಾಕು. ಒಂದು ಪದಕ್ಕೆ ಒಂದು ಚೀಟಿ, ಹಿಂಬದಿಯಲ್ಲಿ ಊರಿನ ಹೆಸರು. ಚೀಟಿಗಳನ್ನು ವಿಭಾಗದ ಗ್ರಂಥಾಲಯದ ಕಿಟಕಿಯ ಬಳಿಯ ಪೆಟ್ಟಿಗೆಯಲ್ಲಿ ಹಾಕಿರಿ.